ಬಾಗಿಲು ಕೇಳುವ ಮಾತು

ಕಡಲು ಊರಿಗಿಂತ ಎತ್ತರಕ್ಕೆ ಏರಿದಂದಿನಿಂದ ನಾವು ಗೋಡೆಯೊಳಗೆ ಇದ್ದೇವೆ. ಈಚೆಗೆ ಗೋಡೆಯೂ ಸೋರುತ್ತಿದೆ. ಇರುವ ಒಂದೇ ಬಾಗಿಲು ದಿನಕ್ಕೊಮ್ಮೆ, ನೀರಿಳಿದ ಹೊತ್ತಿನಲ್ಲಿ ತೆರೆಯುತ್ತದೆ. ತೆರೆಯುವ ಮೊದಲು ಎದುರಿಗೆ ನಿಂತವರನ್ನು ನಮ್ಮದೇ ಕನ್ನಡದಲ್ಲಿ ವಿನಯವಾಗಿ ಕೇಳುತ್ತದೆ:

"ಎಲ್ಲಿಗ್ ಹೊರ್ಟ್ರಿ?"

ದೂರದೇಶದವರು ಅದಕ್ಕೆ ಮಾತು ಕಲಿಸಲು ಬಂದಾಗ ಗಾಳಿಯ ಹೆಸರು, ಅಲೆಯ ಹೆಸರು ಎಲ್ಲ ಹೇಳಿಕೊಟ್ಟವನು ನಾನೇ. ಹೊರಟವರನ್ನು ಎಲ್ಲಿಗೆಂದು ಕೇಳಬಾರದು ಅನ್ನುವುದನ್ನು ಮಾತ್ರ ಹೇಳಲಿಲ್ಲ. ನಾವು ಆಡದೇ ಬಿಟ್ಟ ಮಾತು ಯಾವುದೆಂದು ಅವರು ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಕೇಳಿಸಿಕೊಂಡವರು ಮನೆಗೆ ಮರಳಿ, ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಏಳು ತಿಂಗಳ ಹಿಂದೆ ನನ್ನ ಮಗ ಉತ್ತರ ಕೊಟ್ಟು ಹಾಗೆಯೇ ಕಡಲಿಗೆ ಹೋದ. ಬರಲಿಲ್ಲ.

ಇವತ್ತು ಅವನ ಹೆಂಡತಿ ಗುಲಾಬಿಗೆ ಹೆರಿಗೆ ನೋವು. ಆಸ್ಪತ್ರೆ ಗೋಡೆಯಾಚೆಯ ಗುಡ್ಡದ ಮೇಲಿದೆ. ಎರಡು ಸಲ ಹೊರಟು, ಬಾಗಿಲು ಅವಳನ್ನೇ ಕೇಳಿದ್ದರಿಂದ ಎರಡು ಸಲವೂ ಮರಳಿದ್ದೆವು.

"ಈ ಬಾಗ್ಲಿಗ್ ಬಾಯಿ ಕೊಟ್ಟದ್ ಯಾರ್ ಮಾವ?" ಎಂದು ಹಲ್ಲು ಕಚ್ಚಿದಳು.

"ನಾನೇ, ಹೆಣ್ಣೇ. ಈಗ ನನ್ನ ಹಿಂದೆ ನಿಲ್ಲ್."

ಮುಂದೆ ಹೋಗಿ ನಿಂತೆ. ಬಾಗಿಲು ನನ್ನನ್ನು ಕೇಳಿತು.

"ಆಸ್ಪತ್ರೆಗೆ," ಎಂದೆ.

ತೆರೆಯಿತು. ಜೊತೆಗೆ ಬಂದಿದ್ದ ಪಕ್ಕದ ಮನೆಯ ಮುಕಾಂಬು ಗುಲಾಬಿಯ ಕೈ ಹಿಡಿದು ದಾಟಿಸಿದಳು.

"ನೀವೂ ಬನ್ನಿ ಮಾವ!"

"ಅದ್ ಕೇಂಡದ್ ನನ್ನ. ನಾನ್ ಬಂದ್ರೆ ಅಪಶಕುನ ನಿನ್ ಬೆನ್ನಿಗೇ ಬತ್ತ್. ಕೂಕಂಡ್ ನೀರ್ ಕುಡ್ದ್ ಬತ್ತೆ, ನಡಿ."

ಬಾಗಿಲು ಮುಚ್ಚಿತು. ಇನ್ನು ತೆರೆಯುವುದು ನಾಳೆಯೇ. ಮನೆಗೆ ಬಂದು ಕೂತೆ. ಮಂಚದ ಕಾಲಿನ ಅರ್ಧಕ್ಕೆ ಕಡಲು ಬಂದಿತ್ತು. ಕೊಡದಿಂದ ಲೋಟ ತುಂಬಿಸಿ, ನಿಧಾನವಾಗಿ ನೀರು ಕುಡಿದೆ.