ಮೂವತ್ತೊಂದನೆಯ ಕುರಿ

ಮೂವತ್ತೊಂದು ಅವಿಭಾಜ್ಯ ಸಂಖ್ಯೆ ಎಂದು ಮಗಳು ಗಟ್ಟಿಯಾಗಿ ಓದಿದಾಗೆಲ್ಲ ನನ್ನ ಮೂಗಿಗೆ ಕುರಿರೊಪ್ಪದ ವಾಸನೆ ಬಡಿಯುತ್ತದೆ.

ಓದು ಬಾರದ ನಮ್ಮಜ್ಜಿ ತಾವರೆಕೆರೆಯಲ್ಲಿ ತನ್ನ ಮೂವತ್ತು ಕುರಿಗಳನ್ನು ಎರಡೆರಡು, ಮೂರ್ಮೂರು, ಐದೈದಾಗಿ ಎಣಿಸುತ್ತಿದ್ದಳು. ಯಾವತ್ತೂ ಏನೂ ಮಿಗುತ್ತಿರಲಿಲ್ಲ. ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಮೂರು ಸಲವೂ ಒಂದು ಮಿಕ್ಕಿತು.

"ಹೆಂಗೆ ಎಣಿಸಿದ್ರೂ ಒಂದು ಜಾಸ್ತಿ. ಯಾರ್ದೋ ಬಂದು ಸೇರ್ಕೊಂಡೈತೆ ಕಣಮ್ಮ" ಎಂದು ನನ್ನನ್ನೇ ದಿಟ್ಟಿಸಿದಳು.

"ನಂಗೊತ್ತಿಲ್ಲಜ್ಜಿ" ಎಂದೆ. ನನ್ನ ಲಂಗದ ತುಂಬ ಕರಿ ಉಣ್ಣೆ ಅಂಟಿತ್ತು. ಅಜ್ಜಿ ಅದನ್ನು ಒಂದೊಂದೇ ಎಳೆ ಕಿತ್ತು ಬೆಳಕಿಗೆ ಹಿಡಿದು ನೋಡಿದಳು.

ಅಷ್ಟರಲ್ಲಿ ಪಕ್ಕದ ಮನೆಯ ರಂಗಕ್ಕ ಬಂದಳು. "ನಮ್ಮ ಕರಿ ಕುಂಟುಮರಿ ಕಂಡ್ಯಾ ದೊಡ್ಡವ್ವ? ನಾಳೆ ಕುಯ್ಯೋರಿಗೆ ಕೊಡ್ಬೇಕು."

"ಇಲ್ಲೇ ಐತೆ. ಅದು ಇರ್ಲಿ ಬುಡು, ಇದನ್ನ ಕೊಡು" ಎಂದು ಅಜ್ಜಿ ತಾನೇ ಸಾಕಿ ಬೆಳೆಸಿದ ಟಗರನ್ನು ಎಳೆದು ತಂದಳು. ಆಮೇಲೆ ನಾನು ಬಚ್ಚಿಟ್ಟಿದ್ದ ಕುಂಟುಮರಿಯನ್ನು ಎತ್ತಿ ನನ್ನ ಮಡಿಲಿಗೆ ಹಾಕಿದಳು.