ಬಿಚ್ಚಿದ ಹೊಲಿಗೆ

"ಇದು ಹರಿದದ್ದಲ್ಲ ಕಣಮ್ಮಾ, ಯಾರೋ ಬಿಚ್ಚಿದ್ದು."

ದರ್ಜಿ ಕೋಟಿನ ಕಂಕುಳನ್ನು ಕಿಟಕಿಯ ಬೆಳಕಿಗೆ ಹಿಡಿದ. ದಾರ ಮಾತ್ರ ತುಂಡಾಗಿತ್ತು, ಬಟ್ಟೆಗೆ ಒಂದು ಗೀರೂ ಬಿದ್ದಿರಲಿಲ್ಲ. ಪಳಗಿದ ಕೈಯ ಕೆಲಸ.

ಕೋಟು ತಂದಿದ್ದ ಬಸ್ ಡ್ರೈವರ್ ಹೆಂಗಸು ಅವನನ್ನೇ ನೋಡಿದಳು. "ಎದುರಿನ ಲಾಂಡ್ರೀಲಿ ಬಿಚ್ಕೊಳ್ಳುತ್ತೆ, ನಿಮ್ಮ ಹತ್ರ ಹೊಲಿಸ್ಕೋಬೇಕು. ಒಳ್ಳೇ ಜೋಡಿ ಬಿಡಿ ನೀವಿಬ್ರೂ."

ಅವನ ಮುಖ ಇಂಗು ತಿಂದ ಮಂಗನಂತಾಯಿತು. ಕುಂಬಳಕಾಯಿ ಕದಿಯದವನೂ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದ ಕಾಲ ಬಂದಿತ್ತು.

ಪರದೇಶದ ಈ ಪಟ್ಟಣಕ್ಕೆ ಬಂದ ಹೊಸದರಲ್ಲಿ ಅವನು ಮಂಜುಗಡ್ಡೆಯ ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತವನು. ಆ ಚಳಿಗೆ ಬೆರಳುಗಳು ಮರಗಟ್ಟಿ, ಸೂಜಿ ಚುಚ್ಚಿದರೂ ತಿಳಿಯುತ್ತಿರಲಿಲ್ಲ. ಇನ್ನೊಂದು ಚಳಿಗಾಲ ಅಲ್ಲಿ ಕಳೆದರೆ ಈ ಕೈ ಹೊಲಿಗೆಗೆ ಬಾರದು ಎಂದು ವೈದ್ಯರೇ ಹೇಳಿದ್ದರು. ಹಾಗಾಗಿ ಈ ಅಂಗಡಿ. ಇದು ಮುಚ್ಚಿದರೆ ಮತ್ತೆ ಗೋದಾಮೇ ಗತಿ.

ಮೊದಮೊದಲು ನೊಣ ಹೊಡೆಯುತ್ತ ಕೂತಿದ್ದ. ಒಂದು ಹೊಲಿಗೆಯಂತ್ರ, ಒಂದು ಕತ್ತರಿ, ಹೊಲಿಗೆ ಬಿಚ್ಚುವ ಒಂದು ಕೊಕ್ಕೆ, ಇಷ್ಟೇ ಬಂಡವಾಳ; ಕೊಕ್ಕೆಯ ಹಿಡಿ ಸೀಳಿದ್ದಕ್ಕೆ ಕೆಂಪು ದಾರ ಸುತ್ತಿದ್ದ. ಅಪ್ಪನ ಕಾಲದ ಆ ಕೊಕ್ಕೆಯೂ ಮನೆ ಬದಲಿಸುವಾಗ ಎಲ್ಲೋ ಕಳೆದುಹೋಯಿತು. ಈಗ ಅರ್ಧ ಬ್ಲೇಡಿನಲ್ಲೇ ಕೆಲಸ. ಹೆಂಡತಿ ಎದುರಿನ ಲಾಂಡ್ರಿಯಲ್ಲಿ ಇಸ್ತ್ರಿಗೆ ಸೇರಿದ್ದರಿಂದ ಒಲೆ ಉರಿಯುತ್ತಿತ್ತು. ಲಾಂಡ್ರಿಯ ಮುದುಕನಿಗೆ ಕೈ ನಡುಕ. ಇಸ್ತ್ರಿಪೆಟ್ಟಿಗೆ ಹಿಡಿಯಲಾಗದೆ ಅವಳನ್ನು ಇಟ್ಟುಕೊಂಡಿದ್ದ.

ಮುದುಕನೂ ಹೊರಗಿನಿಂದ ಬಂದವನೇ, ಆದರೆ ಬೇರೆ ದೇಶದವನು. ಅವನ ದೇಶಕ್ಕೂ ದರ್ಜಿಯ ದೇಶಕ್ಕೂ ಎಣ್ಣೆ ಸೀಗೆಕಾಯಿ. ಒಮ್ಮೆ, "ಮಿಷನ್ ತಂದು ನಮ್ಮಲ್ಲೇ ಹಾಕ್ಕೋ ತಮ್ಮಾ, ಬಾಡಿಗೆ ಉಳಿಯುತ್ತೆ" ಎಂದಿದ್ದ. ಅವನ ಕೈಕೆಳಗೆ ದುಡಿಯುವುದೇ? ದರ್ಜಿ ಮುಖ ತಿರುಗಿಸಿ ಬಂದಿದ್ದ. ಅದಾದ ಮೇಲೇ ಬಟ್ಟೆಗಳು ಬಿಚ್ಚಿಕೊಂಡು ಬರತೊಡಗಿದ್ದು. ಕೆಲಸ ಸಿಕ್ಕಿತೆಂದು ಹಿಗ್ಗಿದವನಿಗೆ ಈಗ ಹೊಳೆಯಿತು: ತನ್ನ ಹೆಸರು ಕೆಡಿಸಲು ಮುದುಕನೇ ಹೂಡಿದ ಆಟ ಇದು.

"ಯಾರು ಬಿಚ್ತಾರೆ ಅಂತ ಸ್ವಲ್ಪ ಕಣ್ಣಿಡೇ" ಎಂದು ಹೆಂಡತಿಗೆ ಹೇಳಿದ.

"ಹೋಗ್ಲಿ ಬಿಡಿ ಅಂದ್ರೆ. ಕೆಲಸ ಬರ್ತಿದೆಯಲ್ಲ."

"ನನ್ನನ್ನ ಕಳ್ಳ ಅಂತಿದಾರೆ ಕಣೇ!"

ಅವಳು ತಟ್ಟೆ ತೊಳೆಯುತ್ತ ನಿಂತಳು. ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು.

ಮರುದಿನ ಅವನು ಕೋಟು ಹಿಡಿದು ಲಾಂಡ್ರಿಗೆ ನುಗ್ಗಿದ. ಗಿರಾಕಿಗಳು ಸಾಲಾಗಿ ನಿಂತಿದ್ದರು. ಹಬೆಯ ನಡುವೆ, ಇಸ್ತ್ರಿ ಮೇಜಿನ ಹಿಂದೆ, ಹೆಂಡತಿ ಬೆಪ್ಪಾಗಿ ನೋಡಿದಳು.

"ಯಜಮಾನ್ರೇ, ಇದು ಯಾರ ಕೈಕೆಲಸ? ಎಲ್ಲರ ಮುಂದೆ ಹೇಳಿ."

ಮುದುಕ ಕೋಟನ್ನು ತೆಗೆದುಕೊಂಡ. ಬಿಚ್ಚಿದ ಹೊಲಿಗೆಯ ಮೇಲೆ ಬೆರಳಾಡಿಸಿದ. ಕೈ ನಡುಗಿತು. ದರ್ಜಿಗೆ ಅಷ್ಟು ಸಾಕಾಗಿತ್ತು. ಮುದುಕ ತಲೆ ಎತ್ತಿ ಸುತ್ತ ಒಮ್ಮೆ ನೋಡಿದ, ಗಿರಾಕಿಗಳನ್ನು, ಇಸ್ತ್ರಿ ಮೇಜನ್ನು, ಮತ್ತೆ ಕೋಟನ್ನು.

"ನಾನೇ ಬಿಚ್ಚಿದ್ದು" ಎಂದ.

ಸಾಲಿನಲ್ಲಿದ್ದ ಬಸ್ ಡ್ರೈವರ್ ತನ್ನ ಬಟ್ಟೆಗಂಟು ವಾಪಸು ಎತ್ತಿಕೊಂಡಳು. ಒಬ್ಬರ ಹಿಂದೆ ಒಬ್ಬರು ಹೊರಟರು. ದರ್ಜಿ ಎದೆಯುಬ್ಬಿಸಿ ರಸ್ತೆ ದಾಟಿದ. ಕೊನೆಗೂ ಸತ್ಯ ಗೆದ್ದಿತ್ತು. ಆ ಸಂಜೆ ಅವನು ಬಾಯ್ತುಂಬ ಮಾತಾಡಿದ. ಹೆಂಡತಿ ತಲೆನೋವೆಂದು ಗೋಡೆಯ ಕಡೆ ತಿರುಗಿ ಮಲಗಿದಳು, ಮರುದಿನ ಕೆಲಸಕ್ಕೂ ಹೋಗಲಿಲ್ಲ.

ವಾರ ಕಳೆಯುವುದರೊಳಗೆ ಲಾಂಡ್ರಿಗೆ ಬೀಗ ಬಿತ್ತು. ಬೀಗ ಹಾಕಿದ ಮುದುಕ ನೇರ ದರ್ಜಿಯ ಅಂಗಡಿಗೆ ಬಂದು ಒಂದು ಪೊಟ್ಟಣವನ್ನು ಮೇಜಿನ ಮೇಲಿಟ್ಟ.

"ನಿನ್ನ ಮನೆಯವಳ ಏಪ್ರನ್. ಅವತ್ತು ಬಿಟ್ಟು ಹೋಗಿದ್ಲು."

"ಅವಳ ಕೆಲಸವನ್ನೂ ಕಳೆದ್ರಲ್ಲ ಯಜಮಾನ್ರೇ, ನಿಮ್ಮ ಹೊಟ್ಟೆಕಿಚ್ಚಿಗೆ."

ಮುದುಕ ತನ್ನ ಕೋಟಿನ ಗುಂಡಿ ಹಾಕಿಕೊಳ್ಳಲು ಹೆಣಗಿದ. ಬೆರಳು ನಿಲ್ಲಲಿಲ್ಲ, ಗುಂಡಿ ತೂತಿಗೆ ಸೇರಲೇ ಇಲ್ಲ. ಬಿಟ್ಟುಬಿಟ್ಟ.

"ಅವಳಿಗೆ ಬೈಬೇಡ ತಮ್ಮಾ. ಈ ಊರಿಗೆ ಬಂದಾಗ ನನ್ನವಳೂ ಹೀಗೇ ಇದ್ಲು" ಎಂದು ಹೇಳಿ ಹೊರಟುಹೋದ.

ಎಷ್ಟು ಸೊಕ್ಕು, ಎಂದುಕೊಂಡ ದರ್ಜಿ. ಅಂಗಡಿ ಖಾಲಿಯಿತ್ತು. ಬಿಚ್ಚಿದ ಬಟ್ಟೆ ತರುವವರು ಆ ವಾರ ಒಬ್ಬರೂ ಇರಲಿಲ್ಲ. ಮಾಡಲು ಕೆಲಸವಿಲ್ಲದೆ ಅವನು ಏಪ್ರನ್ ಮಡಚಿಡೋಣವೆಂದು ಕೊಡವಿದ.

ಜೇಬಿನಿಂದ ಮೇಜಿನ ಮೇಲೆ ಬಿದ್ದದ್ದು ಕೆಂಪು ದಾರ ಸುತ್ತಿದ ಅವನ ಕೊಕ್ಕೆ.