ಕಾಗೆ ಇಲ್ಲದ ಪುಸ್ತಕ

ಸೂರ್ಯ ಮಂಕಾಗಿ, ಹಕ್ಕಿಗಳೆಲ್ಲ ಸತ್ತು ಹನ್ನೊಂದು ವರ್ಷವಾಗಿತ್ತು. ಮೇಜಿನ ಸುತ್ತ ಕೂತು ಆಡುವ ದಾಳದಾಟದ ಕಥೆಪುಸ್ತಕಗಳನ್ನು ಮಾರುವ ಗುರುಸಿದ್ದಪ್ಪ ಮಧ್ಯಾಹ್ನವೇ ಲಾಟೀನು ಹಚ್ಚಿಕೊಂಡಿದ್ದ. ಶಿವಲೀಲಾ ಕಪ್ಪು ರಟ್ಟಿನ ಪುಸ್ತಕವೊಂದನ್ನು ಅವನ ಮುಂದೆ ಕುಕ್ಕಿದಳು.

“ಸಾಯೋ ಲೋಕದ ಆಟ ಕೇಳಿದ್ರ ಇದನ್ನ ಕೊಟ್ಟೀರಲ್ರೀ!”

“ಇದರಾಗ ಊರೆಲ್ಲ ಬೂದಿ, ಬಾವಿ ತುಂಬ ಹೆಣ. ಇನ್ನೇನ ಬೇಕವ್ವಾ ನಿನಗ?”

“ಮೂರನೇ ಪುಟದಾಗ ಹೆಣದ ಮ್ಯಾಲ ಕಾಗಿ ಕುಂತಾವ. ನಾನು ಓದಿ ಹೇಳಿದ್ದೇ ತಡ, ಆಡೋರೆಲ್ಲ ದಾಳ ಬಿಟ್ಟು ಕಾಗಿ ನೆನಸಿ ಅಳಕೋಂತ ಕುಂತ್ರು. ಕಾಗಿ ಇಲ್ಲದ್ದು ಕೊಡ್ರಿ.”

“ಅಂಥಾದ್ದು ಯಾರೂ ಬರೆದೇ ಇಲ್ಲ,” ಎಂದು ಸಿಡುಕಿದ ಗುರುಸಿದ್ದಪ್ಪ ಪುಸ್ತಕ ಕಸಿದುಕೊಂಡ. ಬೇರೆಯದು ಕೊಟ್ಟಾನೆಂದು ಅವಳು ಕಾದಳು. ಅವನು ಮೂರನೇ ಪುಟ ತೆರೆದು ಲಾಟೀನಿನ ಹತ್ತಿರ ಹಿಡಿದ.

“ಅಂಗಡಿ ಮುಚ್ಚೇತಿ, ನಡಿ,” ಎಂದ, ತಲೆ ಎತ್ತದೆ.